ನಾಲ್ಕು ಚೌಕ

ಮಡಿಕೇರಿ ಆಸ್ಪತ್ರೆಯ ಹದಿನಾಲ್ಕನೇ ಕೋಣೆಯ ಹೊರಗೆ
ಬೆಂಚಿನ ಮೇಲೆ ನಾನು, ಬೆಂಚಿನ ಕೆಳಗೆ ಲಿಖಿತ್.
ಇದು ಮಗುವಿನ ಹಾಳೆಯಲ್ಲ, ಅಮ್ಮಂದಿರದು,
ಅಂದರು ಶಬಾನಾ ಮೇಡಂ, ಮೊಂಡು ಪೆನ್ಸಿಲು ಕೊಟ್ಟು.
ಒಂದೊಂದು ಪ್ರಶ್ನೆಗೂ ನಾಲ್ಕು ಚೌಕ:
ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ.
ಯಾವುದಾದರೂ ಒಂದಕ್ಕೆ ಗುರುತು ಹಾಕಿದರಾಯಿತು.

ಆಯುವುದು ನನಗೆ ಹೊಸದಲ್ಲ.
ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಆರು ವರ್ಷ
ಕಾಫಿ ಬೀಜ ಆಯ್ದ ಬೆರಳು ಇವು.
ಕರಿದು ಆಚೆ, ಒಡಕು ಈಚೆ,
ಹುಳ ತಿಂದದ್ದು ಕಾಲ ಬಳಿಯ ಡಬ್ಬಕ್ಕೆ.
ನಿನ್ನೆಯ ರಾತ್ರಿಯನ್ನು ಯಾವ ಡಬ್ಬಕ್ಕೆ ಹಾಕಲಿ?

‘ನಿಮಗೆ ನಿದ್ದೆ ಬರುತ್ತದೆಯೇ?’
ಬರುತ್ತದೆ, ಪಾಪ, ದಿನಾ ಬಾಗಿಲವರೆಗೂ.
ಎರಡೂವರೆಗೆ ಇವನು ಎದ್ದು
ಲೈಟು ಹಾಕಿ, ಆರಿಸಿ, ಹಾಕಿ, ಆರಿಸಿ,
ಗೋಡೆಗೊರಗಿ ಎಣಿಸುತ್ತೇನೆ, ಒಮ್ಮೆ ಮುನ್ನೂರು ದಾಟಿತ್ತು.
ಕರೆಂಟಿನ ತೊಂದರೆಯಾ ಅಂತ ಎದುರು ಮನೆಯವರು ಕೇಳಿದರು.
ಹೌದು ಅಂದೆ.

‘ಮನೆಯವರ ಸಹಾಯ ಸಿಗುತ್ತದೆಯೇ?’
ಅತ್ತೆ ಭಾಗಮಂಡಲದ ತೀರ್ಥ ತಂದಿದ್ದಾರೆ, ಎರಡು ಬಾಟ್ಲಿ,
ನಾಲಿಗೆ ಹೊರಳಲಿ ಎಂದು ಜೇನು ಸವರಿದ್ದಾರೆ.
ಇವರು ಜೀಪು ಓಡಿಸುವವರು, ಭಾನುವಾರ ಮಾತ್ರ ಮನೆ.
ಮಗನ ಪಕ್ಕ ಕೂತು ಏನೂ ಮಾತಾಡುವುದಿಲ್ಲ.
ಆಗ ಇಬ್ಬರೂ ಒಂದೇ ಥರ ಕಾಣುತ್ತಾರೆ.
ಅದಕ್ಕೆ ಚೌಕ ಇಲ್ಲ.

‘ಮಗುವಿನ ಮೇಲೆ ಕೈ ಎತ್ತಿದ್ದುಂಟೇ?’
ಹುತ್ತರಿಯ ಮಾರನೇ ದಿನ.
ಪಟಾಕಿ ಸದ್ದಿಗೆ ರಾತ್ರಿಯಿಡೀ ಚೀರಿ
ಬೆಳಿಗ್ಗೆ ನನ್ನ ಮಣಿಕಟ್ಟು ಕಚ್ಚಿದ.
ಒಂದೇ ಸಲ. ಒಂದು ಸಲ ಅಂದರೆ ಅಪರೂಪಕ್ಕೆ, ಅಲ್ಲವೇ?
ಅಂಗೈ ಇವತ್ತಿಗೂ ಚುರುಗುಟ್ಟುತ್ತಿದ್ದರೆ?

ಮೇಸ್ತ್ರಿ ಮುತ್ತಪ್ಪಣ್ಣ ಒಮ್ಮೆ ಪೀಬೆರಿ ತೋರಿಸಿ ಅಂದರು:
ಜೋಡಿ ಇರಬೇಕಾದಲ್ಲಿ ಒಂಟಿ, ನೋಡು, ದುಂಡಗೆ.
ಇದಕ್ಕೇ ರೇಟು ಜಾಸ್ತಿ ಕಣಮ್ಮ, ನಿನ್ನ ಮಗನೂ ಹಾಗೇ.
ಒಳ್ಳೆಯ ಮನುಷ್ಯ. ತಲೆಯಾಡಿಸಿದೆ.
ಏಳು ವರ್ಷದ ಪೀಬೆರಿಗೆ ಚಡ್ಡಿ ಬದಲಿಸುವವರು ಯಾರು
ಎಂದು ಕೇಳಲಿಲ್ಲ.

ಹೆಸರು ಕೂಗಿದರು. ಹಾಳೆ ಅರ್ಧಕ್ಕೇ ನಿಂತಿತು.
ಮುಂದಿನ ವಾರ ತನ್ನಿ ಅಂದರು ಮೇಡಂ,
ನನ್ನ ಮುಖ ನೋಡಿ, ಮತ್ತೇನೂ ಅನ್ನದೆ.

ಸುಂಟಿಕೊಪ್ಪ ಬಂದಾಗ ಗೊತ್ತಾಯಿತು,
ಇವನ ಮುಷ್ಟಿಯಲ್ಲಿದೆ ಆಸ್ಪತ್ರೆಯ ಪೆನ್ಸಿಲು,
ಮೈತುಂಬ ಹಲ್ಲಿನ ಗುರುತು.
ಹಿಂದಿನ ಸೀಟಿನವರು ಹೇಳುತ್ತಲೇ ಇದ್ದರು,
ಎರಡು ಬಿಟ್ಟರೆ ಸರಿಹೋಗ್ತಾನೆ ಅಂತ.
ಹಣೆಯನ್ನು ನನ್ನ ತೊಡೆಗೆ ಗುದ್ದಿ, ಗುದ್ದಿ,
ಗುದ್ದು ಮೆತ್ತಗಾಗಿ, ಮಲಗಿದ.

ಕೊನೆಯ ಪ್ರಶ್ನೆ ಆಗ ಓದಿದೆ:
‘ಈ ಮಗು ಇಲ್ಲದಿದ್ದರೆ ಎಂದು ಅನಿಸಿದ್ದುಂಟೇ?’
ಪೆನ್ಸಿಲು ಊರಿದೆ. ತಿರುವಿನಲ್ಲಿ ಬಸ್ಸು ಎತ್ತಿಹಾಕಿತು.
ಮೊದಲ ಚೌಕದಿಂದ ಕೊನೆಯ ಚೌಕಕ್ಕೆ
ಉದ್ದ ಗೆರೆ.
ರಬ್ಬರು ಇರಲಿಲ್ಲ.
ಹಾಗೇ ಮಡಚಿ ಬ್ಯಾಗಿಗೆ ಹಾಕಿದೆ,
ಅವನ ಒದ್ದೆ ಚಡ್ಡಿಯ ಪಕ್ಕ.