ಬಾಬಾಜಾನನ ಪಾರ್ ಲೈಟು

ನಮ್ಮ ಬೆಟ್ಟದಲ್ಲಿ ಹುಟ್ಟಿದ ನದಿಗಳೆಲ್ಲ
ನಮ್ಮೂರ ಮುಖ ನೋಡದೆ ಇಳಿದು ಹೋದವು.
ಹಾಗಾಗಿ ಚಿಕ್ಕಬಳ್ಳಾಪುರದಲ್ಲಿ
ಕಡಲು ಬೇಕಾದವನು ಕಲಸಿಕೊಳ್ಳಬೇಕು:
ಶುದ್ಧ ನೀರಿನ ಘಟಕದ ಐದು ರೂಪಾಯಿ ಕ್ಯಾನು,
ಬಕೆಟ್ಟು, ಉಪ್ಪಿನ ಪೊಟ್ಟಣ, ಅಮ್ಮನ ಕಡೆಗೋಲು.
ಕಡೆಗೋಲನ್ನು ಅವಳು ಇನ್ನೂ ಹುಡುಕುತ್ತಿದ್ದಾಳೆ.

ನಾಲ್ಕಡಿ ಗಾಜು. ಒಳಗೆ ಹವಳ,
ಹೆಬ್ಬೆರಳಷ್ಟು, ಕಂದು, ಬಾಯಿಬಿಡದ ಸ್ವಭಾವ.
ಅದರ ಮೈಯೊಳಗೆ ಪಾಚಿ ಬಾಡಿಗೆಗಿದೆ;
ಬೆಳಕು ಉಂಡು, ಸಕ್ಕರೆ ಅಟ್ಟು,
ಅಂದಂದಿನ ಬಾಡಿಗೆ ಅಂದಂದೇ ಕೊಡುತ್ತದೆ.
ಬೆಳಕು ಕಮ್ಮಿಯಾದರೆ ಬಾಕಿ. ಹೆಚ್ಚಾದರೆ
ಮನೆಯೊಡೆಯನೇ ರೇಗಿ ಅವರನ್ನು ಹೊರಗೆ ಹಾಕಿ
ಸುಣ್ಣದ ಹಾಗೆ ಬೆಳ್ಳಗೆ ಕೂರುತ್ತಾನೆ.

ಅಂಗಡಿಯಲ್ಲಿ ಹವಳದ ದೀಪಕ್ಕೆ ನಲವತ್ತೆರಡು ಸಾವಿರ.
ನಾನು ಮೋಟಾರು ರಿವೈಂಡಿಂಗಿನವನು,
ಬೋರ್‌ವೆಲ್ಲುಗಳ ಸುಟ್ಟ ಕರುಳು ಬಿಚ್ಚಿ ಸುತ್ತುವವನು.
ಬೆಲೆ ಕೇಳಿ, ಒಂದು ಲೋಟ ನೀರು ಕುಡಿದು ಬಂದೆ.

ಮೊದಲು ನಾರೆಪ್ಪನ ಸೇವಂತಿಗೆ ತೋಟದ ಬಲ್ಬು.
ರಾತ್ರಿಯೆಲ್ಲ ಸಾಲುಸಾಲಾಗಿ ಉರಿದು
ಈಗಲೇ ಬೇಡ, ಹಬ್ಬ ಇನ್ನೂ ದೂರ ಎಂದು
ಮೊಗ್ಗಿಗೆ ಸುಳ್ಳು ಹೇಳುವ ದೀಪ.
ಹವಳಕ್ಕೂ ಅದನ್ನೇ ಹೇಳಿತೋ ಏನೋ,
ಮುಚ್ಚಿದ ಬಾಯಿ ಮುಚ್ಚಿಯೇ ಇತ್ತು.
ಗಾಜಿಗೆ ಮಾತ್ರ ಕಂದು ಲೋಳೆ, ಕಾಫಿ ಗಸಿಯಂತೆ.

ಆಮೇಲೆ ಗುಜರಿಯ ಬೀದಿದೀಪ,
ತೂಕಕ್ಕೆ ಕೊಂಡದ್ದು, ಬೆನ್ನ ತುಂಬ ಅಲ್ಯೂಮಿನಿಯಂ ಪಕ್ಕೆಲುಬು.
ಅದಕ್ಕೆ ಬೀದಿಯ ಅಭ್ಯಾಸ ಹೋಗಲಿಲ್ಲ:
ಗೋಡೆ, ಕ್ಯಾಲೆಂಡರು, ಮಲಗಿದ್ದ ತಂಗಿಯ ಮುಖ,
ಎಲ್ಲದರ ಮೇಲೂ ಬಿತ್ತು, ನೀರೊಳಗೆ ಇಳಿಯಲಿಲ್ಲ.
ಹುಳುಗಳು ಬಂದವು. ಎದುರುಮನೆ ನಾಯಿ
ನಮ್ಮ ಕಿಟಕಿಯ ಕೆಳಗೆ ವಾಸ ಬದಲಿಸಿತು.

ಕೊನೆಗೆ ಶಾಮಿಯಾನದ ಬಾಬಾಜಾನ್,
ಆಷಾಢ, ಹೇಗೂ ಫಂಕ್ಷನ್ ಇಲ್ಲ ಅಂತ
ಒಂದು ಪಾರ್ ಲೈಟು ಕೊಟ್ಟ. "ಶ್ರಾವಣಕ್ಕೆ ವಾಪಸ್."
ಹೊಟ್ಟೆ ಬಿಚ್ಚಿದೆ. ಕೆಂಪು, ಹಸಿರು, ಹಳದಿ ಕಿತ್ತು
ನೀಲಿ ಚಿಪ್ಪು ಬೆಸೆದೆ.
ಕಡಲಿನ ಚಿಪ್ಪಲ್ಲ, ಎಸ್.ಪಿ. ರೋಡಿನವು.
ಸತ್ತ ಕಂಪ್ಯೂಟರಿನ ಫ್ಯಾನು ಬೆನ್ನಿಗೆ.
ತಂತಿ ಸಾಕೆಟ್ಟಿಗಿಂತ ಕೆಳಗಿಳಿದು, ಕೊಂಕಿ, ಮತ್ತೆ ಏರಬೇಕು;
ಜಾರಿದ ಹನಿ ಆ ಕೊಂಕಿನಲ್ಲೇ ಉದುರಲಿ.
ಉಪ್ಪುನೀರಿಗೂ ಕರೆಂಟಿಗೂ ಬೀಗತನ ಬೇಡ.

ತೂಗುಹಾಕಿದ್ದು ತೊಲೆಯ ತೊಟ್ಟಿಲ ಕೊಂಡಿಗೆ,
ನನ್ನನ್ನೂ ತಂಗಿಯನ್ನೂ ತೂಗಿದ ಸರಪಳಿಯಲ್ಲೇ.
ಎತ್ತರದಿಂದ ಶುರು. ವಾರಕ್ಕೊಂದು ಬಳೆ ಕೆಳಗೆ.
"ಕಣ್ಣು ಹೊಂದಿಕೊಳ್ಳಲಿ" ಅಂದೆ.
"ಅದಕ್ಕೆ ಕಣ್ಣೆಲ್ಲಿದೆ?" ಅಂದಳು ಅಮ್ಮ.

ಮೂರನೇ ಬಳೆಗೆ
ಹವಳ ಬೆರಳು ಬಿಚ್ಚಿತು.
ನಡುವೆ ಹಸಿರು.
ನಾನು ಕಿತ್ತುಹಾಕಿದ್ದ ಹಸಿರು.

ಶ್ರಾವಣ ಬಂತು. ಬಾಬಾಜಾನ್ ದೀಪ ಕಳಚಿಕೊಂಡು ಹೊರಟ.
ಚಿಪ್ಪಿನ ವಿಷಯ ಹೇಳಬೇಕೆಂದುಕೊಂಡೆ,
ಬಾಗಿಲವರೆಗೂ ಹೋದೆ. ಹೇಳಲಿಲ್ಲ.
ಛತ್ರದಲ್ಲಿ ಆರತಕ್ಷತೆ. ಸ್ವಿಚ್ಚು ಒತ್ತಿದ್ದೇ
ಇಡೀ ವೇದಿಕೆ ಮುಳುಗಿತು.
ಮದುಮಗನ ಪಂಚೆ ಬೆಳ್ಳಗೆ ಉರಿಯಿತು, ಬೀಗರ ಹಲ್ಲುಗಳೂ;
ಯಾರದೋ ಕೇಸರಿ ರವಿಕೆ ನಿಗಿನಿಗಿ ಕೆಂಡ;
ಉಡುಗೊರೆ ಹಿಡಿದ ಕೈಗಳು ಸಾಲಾಗಿ
ನೀಲಿಯಲ್ಲಿ ತೇಲುತ್ತ ಬಂದವು.
ಫೋಟೋದವನು ಮೂರು ಭಾಷೆಯಲ್ಲಿ ಬಯ್ದ.
ಮದುಮಗಳೊಬ್ಬಳು ಹೊಳೆಯುವ ತನ್ನ ಉಗುರುಗಳನ್ನು
ಒಂದೊಂದಾಗಿ ಬಿಚ್ಚಿ ಬಿಚ್ಚಿ ನೋಡಿಕೊಂಡು ನಕ್ಕಳು.
ನಾನು ಕೊನೆಯ ಕುರ್ಚಿಯಲ್ಲಿ
ಅರ್ಧ ಒಬ್ಬಟ್ಟು ಹಿಡಿದು ಮಿಸುಕದೆ ಕೂತಿದ್ದೆ.

"ನೀನೇ ಇಟ್ಕೋ ಮಾರಾಯ, ಮನುಷ್ಯರಿಗಾಗಲ್ಲ ಇದು."
ಮಧ್ಯರಾತ್ರಿ, ಬಾಗಿಲಲ್ಲಿ ಬಾಬಾಜಾನ್.
ಎರಡು ಮೋಟಾರು ಪುಕ್ಕಟೆ ಸುತ್ತಿಕೊಡುವುದೆಂದು ಮಾತಾಯಿತು.

ತಿರುಗಿ ತೂಗುಹಾಕಿದೆ. ಸ್ಕ್ರೂಗಳಿಗೆ ಆಗಲೇ ತುಕ್ಕು,
ಗಾಜಿನ ಅಂಚಿಗೆ ಉಪ್ಪು ಹೂಬಿಟ್ಟಿತ್ತು.
ಅಮ್ಮ ಎದ್ದು ಬಂದು, ಕನ್ನಡಕವಿಲ್ಲದೆ,
ಸರಪಳಿಯನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸಿ,
"ಒಂದು ಬಳೆ ಜಾಸ್ತಿ ಇಳಿಸಿದ್ದೀಯ, ಎತ್ತು" ಅಂದಳು.