ನಾಯಿಗೆ ಅಪ್ಪಣೆಯಿತ್ತು

ನಾಯಿಗೆ ಅಪ್ಪಣೆಯಿತ್ತು.
ಕೆಳಮನೆಯ ಫೆರ್ಮಿನ್ ತಾತನ ಬೆಲ್ಚಾ
ದಿನಕ್ಕೆ ಮೂರು ಸಲ ಮೆಟ್ಟಿಲಿಳಿದು
ರೆಕಾಲ್ದೆಯ ಬೀದಿಗೆಲ್ಲ ತಾನೇ ಯಜಮಾನಿ ಎಂಬಂತೆ
ಕಂಬ ಕಂಬ ಮೂಸಿ ಬರುತ್ತಿದ್ದಳು.
ಮಕ್ಕಳಿಗೆ ಇರಲಿಲ್ಲ.

ನನಗಾಗ ಒಂಬತ್ತು, ತಮ್ಮ ಉನಾಯ್‌ಗೆ ನಾಲ್ಕು.
ಬಿಲ್ಬಾವೊದ ನಾಲ್ಕನೆಯ ಮಹಡಿ, ಎರಡು ಕೋಣೆ,
ಬಟ್ಟೆ ಹರವಿದರೆ ಮನುಷ್ಯರು
ಅಡ್ಡಡ್ಡ ನಿಲ್ಲಬೇಕಾದ ಬಾಲ್ಕನಿ.
ಕೂಗಳತೆಯಲ್ಲಿ ಹೆದ್ದಾರಿಯ ಮೇಲ್ಸೇತುವೆ,
ನಾವು ಹುಟ್ಟಿದಾಗಿನಿಂದ ಗುಂಯ್ಗುಟ್ಟುತ್ತಿದ್ದದ್ದು
ಒಂದು ದಿನ ಸುಮ್ಮನಾಯಿತು.
ಆ ರಾತ್ರಿ ಉನಾಯ್ ಮಲಗಲಿಲ್ಲ.
'ಗೋಡೆ ಉಸಿರಾಡ್ತಿಲ್ಲ' ಎಂದ.

ಅಮ್ಮ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವವಳು.
ಸಂಜೆ ಬೀಗ ತಿರುಗಿದ್ದೇ ಅವನ ಓಟ,
'ನಿಲ್ಲು!' ಅಮ್ಮನ ಅಂಗೈ ಗಾಳಿಯಲ್ಲಿ.
ಕೋಟು ಚೀಲಕ್ಕೆ, ಚಪ್ಪಲಿ ಬಾಗಿಲಾಚೆ,
ಅವಳು ನೇರ ಬಚ್ಚಲಿಗೆ.
ಇವನು ಬಾಗಿಲಿಗೆ ಕಿವಿಯಿಟ್ಟು ಕೂರುವನು
ನೀರು ನಿಲ್ಲುವ ತನಕ.
ಕೆಲವು ದಿನ ನೀರು ನಿಲ್ಲುತ್ತಲೇ ಇರಲಿಲ್ಲ.
ಆ ಮನೆಯಲ್ಲಿ ಅಳುವುದಕ್ಕೆ
ಬೇರೆ ಜಾಗವೆಲ್ಲಿತ್ತು?

ಅಪ್ಪ, ಮುಚ್ಚಿದ ಹೋಟೆಲಿನ ಅಡುಗೆಯವನು.
ನಲವತ್ತು ಜನಕ್ಕೆ ಪಳಗಿದ ಕೈಗೆ
ನಾಲ್ವರ ಅಳತೆ ಸಿಗದೆ ಕಡಲೆಕಾಳು ದಿನಾ ಉಳಿಯಿತು.
ದುಡ್ಡಿನ ಮಾತು ಅವರಿಬ್ಬರೂ ಪಿಸುಗುಟ್ಟಿ ಆಡುತ್ತಿದ್ದರು.
ಕಿರುಚಿಕೊಂಡಿದ್ದರೆ ನಾವು ಮಲಗುತ್ತಿದ್ದೆವೇನೋ.

ಎಂಟು ಗಂಟೆಗೆ ಬಾಲ್ಕನಿ ಬಾಲ್ಕನಿಯಲ್ಲೂ ಚಪ್ಪಾಳೆ.
ಅದು ಆಸ್ಪತ್ರೆಯವರಿಗೆ ಎಂದು
ಉನಾಯ್‌ಗೆ ಯಾರೂ ಹೇಳಿರಲಿಲ್ಲ.
ಸೂಪು ಮುಗಿಸಿದ್ದಕ್ಕೆ ತನಗೇ ಎಂದುಕೊಂಡು
ಸೊಂಟ ಬಗ್ಗಿಸಿ ವಂದಿಸುತ್ತಿದ್ದ,
ಎದುರು ಮನೆಯವರಿಗೊಮ್ಮೆ, ಮೂಲೆಯ ಔಷಧಿ ಅಂಗಡಿಗೊಮ್ಮೆ.
ರಾತ್ರಿ ಹಾಸಿಗೆ ಒದ್ದೆ.
ಬಿಟ್ಟು ವರ್ಷವಾಗಿದ್ದ ಅಭ್ಯಾಸ.

ಮೂರನೆಯ ವಾರ ಅವನು ನಾಯಿಯಾದ.
ತಟ್ಟೆಯನ್ನು ಮೇಜಿನಡಿ ಕೇಳಿದ,
ಹೆಸರು ಹಿಡಿದು ಕರೆದರೆ ಬೊಗಳಿದ.
ಅಮ್ಮನ ನಿಲುವಂಗಿಯ ಪಟ್ಟಿಯನ್ನು ಕಚ್ಚಿ ತಂದು
ಅಪ್ಪನ ಕಾಲ ಬಳಿ ಹಾಕಿ
ಬಾಗಿಲ ಕಡೆ ನೋಡಿದ.
ಅಪ್ಪ ನಕ್ಕ. ಆಮೇಲೆ ನಗಲಿಲ್ಲ.
ಪಟ್ಟಿ ಕಟ್ಟಿ ಹಜಾರದಲ್ಲಿ ನಡೆಸಿದ,
ಆಚೆಗೆ ಹನ್ನೊಂದು ಹೆಜ್ಜೆ, ಈಚೆಗೆ ಹನ್ನೊಂದು.
ಕೊಡೆ ನಿಲ್ಲಿಸುವ ಡಬ್ಬ ಮರವಾಯಿತು.

ಏಪ್ರಿಲ್ ಕೊನೆಗೆ ನಮಗೂ ಅಪ್ಪಣೆ ಬಂತು:
ಒಂದು ಗಂಟೆ, ಒಂದು ಕಿಲೋಮೀಟರು.
ಉನಾಯ್‌ನ ಶೂ ಹಿಡಿಸಲಿಲ್ಲ.
ಯಾರ ಅಪ್ಪಣೆಯೂ ಇಲ್ಲದೆ
ಕಾಲು ಬೆಳೆದುಬಿಟ್ಟಿತ್ತು.
ಹಿಮ್ಮಡಿ ತುಳಿದುಕೊಂಡೇ ಇಳಿದ,
ಕೆಳಬಾಗಿಲಲ್ಲಿ, ಬಿಸಿಲಿನ ಗೆರೆಯ ಈಚೆ,
ನಿಂತೇಬಿಟ್ಟ.
'ಒಳಗೆ ಹೋಗೋಣ' ಎಂದ, ಮನುಷ್ಯರ ಮಾತಿನಲ್ಲಿ.
ಗುಮ್ಮನನ್ನು ಕರೆಯುವುದು ನಮಗೆಲ್ಲ ಬರುತ್ತಿತ್ತು,
ಕಳಿಸುವುದು ಬರಲಿಲ್ಲ.
ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತ.
ಹದಿನೈದು ನಿಮಿಷ ಹಾಗೇ ಹೋಯಿತು, ಅರವತ್ತರಲ್ಲಿ.

ಕೊನೆಗೆ ನಾನು ಜೇಬಿನಿಂದ ಪಟ್ಟಿ ತೆಗೆದು
ಅವನ ಸೊಂಟಕ್ಕೆ ಕಟ್ಟಿದೆ.
ಹೊರಟ.
ಎದುರಾದ ಬೆಲ್ಚಾ ಇವನನ್ನು ಮೂಸಿದಳು,
ಇವನೂ ಮೂಸಿದ.
ನಡುವೆ ಎರಡು ಮೀಟರು ಇರಬೇಕೆಂದು
ಫೆರ್ಮಿನ್ ತಾತನಿಗೂ ನೆನಪಾಗಲಿಲ್ಲ.

ಉನಾಯ್‌ಗೆ ಈಗ ಏನೂ ನೆನಪಿಲ್ಲ.
ನಾಯಿಯಾಗಿದ್ದೆ ಎಂದರೆ
ನಾನು ಕಟ್ಟಿದ ಕತೆ ಅನ್ನುತ್ತಾನೆ.
ಆದರೂ ಅಮ್ಮ ಕೆಲಸದಿಂದ ಬಂದರೆ
ಎರಡು ಹೆಜ್ಜೆ ಹಿಂದೆಯೇ ನಿಲ್ಲುತ್ತಾನೆ.
ಬಚ್ಚಲಲ್ಲಿ ನೀರು ನಿಂತ ಮೇಲೆ
ಬಂದು ಅವಳಿಗೆ ಒರಗುತ್ತಾನೆ.
ಯಾಕೆಂದು ಅವನು ಕೇಳಿಲ್ಲ.
ಅಮ್ಮ, ಒದ್ದೆ ಕೂದಲಿನಲ್ಲೇ,
ಬೇಗ ಬೇಗ ಬರುತ್ತಾಳೆ.