ಹದಿನೈದು ಅಂಗಿ

ರಗ್ಬಿ ಅಂತೆ. ಮ್ಯಾಚು ನಾನು ನೋಡಿದವಳಲ್ಲ.
ದೀಪಾವಳಿ ಕಳೆದು ಸುಗ್ಗಿಯವರೆಗೆ
ಸೋಮವಾರ ತಪ್ಪದೆ ರಿಕ್ಷಾದಲ್ಲಿ ಬರುವ
ಎರಡು ಗೋಣಿ ಬಿಚ್ಚಿದರೆ
ನನಗೆ ಎಲ್ಲ ಗೊತ್ತು.

ಮೊಗ್ರಾಲಿನಲ್ಲಿ ಆಡಿದ್ದರೆ ಹೊಯಿಗೆ,
ಹೊಲಿಗೆಯ ಸಂದಿನಲ್ಲಿ ಕೂತು ವಾರವಿಡೀ ಉದುರುತ್ತದೆ.
ಬದಿಯಡ್ಕದ್ದಾದರೆ ಕೆಂಪು. ಅದು ಹೋಗುವುದಿಲ್ಲ,
ಸೋಪಿಗೂ ಸ್ವಲ್ಪ ಬಣ್ಣ ಕೊಟ್ಟು ಉಳಿಯುತ್ತದೆ.

ಒಂದನೇ ನಂಬರು, ಖಲೀಲನ ಹೆಗಲು,
ಎರಡು ಸಲ ಹೊಲಿದೆ; ಮೂರನೇ ಸಲ
ದಾರಕ್ಕೂ ಬೇಸರ.
ಕಡಲಾಚೆಯಿಂದ ಸಂಬಳಕ್ಕೆ ಬಂದವನದು ಎಂಟು:
ಹಗ್ಗದಲ್ಲಿ ಇಬ್ಬರ ಜಾಗ, ನಾಲ್ಕು ಕ್ಲಿಪ್ಪು.
ಹದಿನಾಲ್ಕು ಮಾತ್ರ
ಇಸ್ತ್ರಿಯ ಗೆರೆ ಕೂಡ ಮುರಿಯದೆ ಬರುತ್ತಿತ್ತು.
ಪಾಪ, ಆ ಕ್ರಾಸ್ತಾ ಹುಡುಗನ ತನಕ
ಚೆಂಡು ತಲುಪುವುದೇ ಇಲ್ಲವೇನೋ.
ಅದನ್ನೂ ಒಗೆದೆ.
ಒಗೆಯದಿದ್ದರೆ ಅವನಿಗೆ ಗೊತ್ತಾಗುತ್ತದಲ್ಲ.

ಮುಂದೆ ಹೋಗಬೇಕಾದರೆ
ಚೆಂಡನ್ನು ಹಿಂದಕ್ಕೇ ಎಸೆಯಬೇಕಂತೆ,
ರಿಕ್ಷಾದ ಸುಧಾಮ ಹೇಳಿ ನಕ್ಕ.
ಎಂತ ನಗುವುದು? ಬಾವಿಯ ಹಗ್ಗವೂ ಹಾಗೆಯೇ,
ಹಿಂದಕ್ಕೆ ಎಳೆದಷ್ಟು ನೀರು ಮೇಲೆ.

ಫೈನಲಿನ ಮರುದಿನ ಗೋಣಿ ಬರಲಿಲ್ಲ.
ಮಂಗಳವಾರವೂ.
ಬುಧವಾರ ಕ್ರಾಸ್ತಾನೇ ಬಂದ, ಕೈಯಲ್ಲಿ ಒಂದೇ ಅಂಗಿ,
ಎದೆ ಪೂರಾ ಮಣ್ಣು, ತೋಳು ಹರಿದು,
ಕಾಲರಿನಲ್ಲಿ ಯಾರದೋ ರಕ್ತ.
ಸೋತೆವು, ಅಂದ. ಮುಖ ತುಂಬ ನಗು.
ಒಗೆಯಬೇಡಿ ಪೂವಕ್ಕ, ಹೊಲಿದು ಮಾತ್ರ ಕೊಡಿ.

ಸೂಜಿ ಚುಚ್ಚಿದಾಗ
ಒಣಮಣ್ಣು ಮಡಿಲಿಗೆ ಉದುರಿತು.
ಯಾವ ಊರಿನದು ಮಗಾ,
ಈ ಸಲ ಕೇಳಬೇಕಾಯಿತು.